ಸರ್ಕಾರಿ ಶಾಲೆಗೆ ಹಣ ಬರುವ ದಾರಿ: ಒಂದೇ ಖಜಾನೆ ಇದ್ದರೂ ಪಾಲು ಏಕೆ ಸಮನಾಗಿಲ್ಲ

ಮಕ್ಕಳ ಸಂಖ್ಯೆ ಕಡಿಮೆ ಇರುವ ಸರ್ಕಾರಿ ಶಾಲೆಗಳನ್ನು ಹತ್ತಿರದ ಕರ್ನಾಟಕ ಪಬ್ಲಿಕ್ ಶಾಲೆಯೊಂದಿಗೆ ಸೇರಿಸುವ ಮಾತು ಎದ್ದಾಗಿನಿಂದ ಎರಡು ಬಗೆಯ ದೂರುಗಳು ಒಟ್ಟೊಟ್ಟಿಗೆ ಕೇಳಿಬರುತ್ತಿವೆ. ಹದಿನೆಂಟು ಮಕ್ಕಳಿಗೆ ಇಬ್ಬರು ಮೇಷ್ಟ್ರನ್ನು ಇಟ್ಟು ಸಂಬಳ ಕೊಡುವುದು ಜನರ ತೆರಿಗೆ ಹಣದ ಪೋಲಲ್ಲವೇ ಎಂದು ಕೆಲವರು ಕೇಳುತ್ತಾರೆ. ನಮ್ಮೂರಿನ ಶಾಲೆಯಲ್ಲಿ ನೂರೈವತ್ತು ಮಕ್ಕಳಿದ್ದಾರೆ, ಪಾಠ ಮಾಡಲು ಮೇಷ್ಟ್ರೇ ಇಲ್ಲ, ಆ ಹಣವೆಲ್ಲ ಎಲ್ಲಿಗೆ ಹೋಯಿತು ಎಂದು ಇನ್ನು ಕೆಲವರು ಕೇಳುತ್ತಾರೆ. ಮೇಲ್ನೋಟಕ್ಕೆ ಒಂದು ದೂರು ಇನ್ನೊಂದನ್ನು ಸುಳ್ಳು ಮಾಡುವಂತಿದೆಯಾದರೂ ಎರಡೂ ನಿಜವಿರಬಹುದು, ಒಂದೇ ತಾಲ್ಲೂಕಿನಲ್ಲಿಯೇ ನಿಜವಿರಬಹುದು. ಇದು ಹೇಗೆ ಸಾಧ್ಯ ಎಂದು ತಿಳಿಯಬೇಕಾದರೆ ಸರ್ಕಾರಿ ಶಾಲೆಗೆ ಹಣ ಯಾವ ದಾರಿಯಲ್ಲಿ, ಯಾವ ರೂಪದಲ್ಲಿ ಬಂದು ಸೇರುತ್ತದೆ ಎಂಬುದನ್ನು ಬುಡದಿಂದ ನೋಡಬೇಕಾಗುತ್ತದೆ.

ಯಾವುದು ಸರ್ಕಾರಿ, ಯಾವುದು ಅನುದಾನಿತ

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಕಟ್ಟಡ, ಶಿಕ್ಷಕರು, ಆಡಳಿತ ಮೂರೂ ಸರ್ಕಾರದ್ದಾಗಿದ್ದರೆ ಅದು ಸರ್ಕಾರಿ ಶಾಲೆ. ಕರ್ನಾಟಕದಲ್ಲಿ ಇಂಥವು 45 ಸಾವಿರಕ್ಕೂ ಹೆಚ್ಚಿವೆ. ಖಾಸಗಿ ಸಂಸ್ಥೆಯೊಂದು ಕಟ್ಟಿ ನಡೆಸುವ ಶಾಲೆಯ ಶಿಕ್ಷಕರಿಗೆ ಸರ್ಕಾರವೇ ಸಂಬಳ ಕೊಡುತ್ತಿದ್ದರೆ ಅದು ಅನುದಾನಿತ ಶಾಲೆ. ಮಠಗಳು, ಮಿಷನ್‌ಗಳು, ಊರಿನ ವಿದ್ಯಾವರ್ಧಕ ಸಂಘಗಳು ಹಿಂದೆ ತೆರೆದ ಎಷ್ಟೋ ಪ್ರೌಢಶಾಲೆಗಳು ಈ ಗುಂಪಿಗೆ ಸೇರುತ್ತವೆ. ಪೋಷಕರ ಶುಲ್ಕದಿಂದಲೇ ನಡೆಯುವವು ಅನುದಾನರಹಿತ ಶಾಲೆಗಳು. 1995ರ ನಂತರ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳಿಗೂ ಅನುದಾನ ಕೊಡಿ ಎಂಬ ಬೇಡಿಕೆ ಆಗಾಗ ಸುದ್ದಿಯಾಗುತ್ತದಲ್ಲ, ಅದರ ಅರ್ಥ ಇಷ್ಟೇ: ಮೂರನೆಯ ಗುಂಪಿನಲ್ಲಿರುವ ನಮ್ಮನ್ನು ಎರಡನೆಯ ಗುಂಪಿಗೆ ಸೇರಿಸಿ.

ಸರ್ಕಾರಿ ಶಾಲೆಗಳಲ್ಲಿಯೂ ಅಂತಸ್ತುಗಳಿವೆ ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಊರಿನ ಕಿರಿಯ ಪ್ರಾಥಮಿಕ ಶಾಲೆ, ಹಿರಿಯ ಪ್ರಾಥಮಿಕ ಶಾಲೆ, ಶಿಶುವಿಹಾರದಿಂದ ಪಿಯುವರೆಗೆ ಒಂದೇ ಆವರಣದಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆ, ಹಿಂದುಳಿದ ತಾಲ್ಲೂಕುಗಳಿಗೆಂದು ತೆರೆದ 74 ಆದರ್ಶ ವಿದ್ಯಾಲಯಗಳು, ಊಟ ವಸತಿಯನ್ನೂ ಕೊಡುವ ಮೊರಾರ್ಜಿ ದೇಸಾಯಿ ಶಾಲೆಗಳು, ಕೇಂದ್ರದ ಹಣದಿಂದ ನಡೆಯುವ ನವೋದಯಗಳು ಎಲ್ಲವೂ ತೆರಿಗೆ ಹಣದ ಶಾಲೆಗಳೇ. ಆದರೆ ಒಂದು ಮಗುವಿನ ಮೇಲೆ ಆಗುವ ಖರ್ಚು ಒಂದರಿಂದ ಇನ್ನೊಂದಕ್ಕೆ ಹಲವು ಪಟ್ಟು ಬದಲಾಗುತ್ತದೆ. ಹೆಚ್ಚು ಖರ್ಚಿನ ಶಾಲೆಗಳಿಗೆ ಬಹುತೇಕ ಪ್ರವೇಶ ಪರೀಕ್ಷೆ ಇರುತ್ತದೆ. ಆ ಪರೀಕ್ಷೆಗೆ ಮಗುವನ್ನು ತಯಾರು ಮಾಡಬೇಕಾದದ್ದು ಮಾತ್ರ ಕಡಿಮೆ ಖರ್ಚಿನ ಶಾಲೆ.

ಖಜಾನೆ ತುಂಬುವುದು ಎಲ್ಲಿಂದ

ಅಮೆರಿಕದಲ್ಲಿ ನೆಲೆಸಿರುವ ನಮ್ಮವರು ಮನೆ ಕೊಳ್ಳುವಾಗ ಮೊದಲು ವಿಚಾರಿಸುವುದು ಆ ಬಡಾವಣೆಯ ಶಾಲೆ ಹೇಗಿದೆ ಎಂಬುದನ್ನು. ಅಲ್ಲಿ ಸರ್ಕಾರಿ ಶಾಲೆಯ ಹಣದ ದೊಡ್ಡ ಪಾಲು ಆಯಾ ಶಾಲಾ ಜಿಲ್ಲೆಯ ಆಸ್ತಿ ತೆರಿಗೆಯಿಂದ ಬರುವುದರಿಂದ ದುಬಾರಿ ಮನೆಗಳ ಪ್ರದೇಶದ ಶಾಲೆಗೆ ಹೆಚ್ಚು ಹಣ, ಬಡವರ ಪ್ರದೇಶದ ಶಾಲೆಗೆ ಕಡಿಮೆ ಹಣ ಎಂಬ ಸ್ಥಿತಿ ಹುಟ್ಟಿಕೊಂಡಿತು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ನಗರದ ಪ್ರಕರಣ ಇದಕ್ಕೆ ಹೆಸರಾದ ಉದಾಹರಣೆ. 1967–68ರಲ್ಲಿ ಬಡವರೇ ಹೆಚ್ಚಿದ್ದ ಎಡ್ಜ್‌ವುಡ್ ಜಿಲ್ಲೆಯಲ್ಲಿ ಒಬ್ಬ ವಿದ್ಯಾರ್ಥಿಗೆ ಸಿಗುತ್ತಿದ್ದದ್ದು 356 ಡಾಲರ್, ಅದೇ ನಗರದ ಶ್ರೀಮಂತ ಅಲಾಮೊ ಹೈಟ್ಸ್ ಜಿಲ್ಲೆಯಲ್ಲಿ 594 ಡಾಲರ್. ವಿಚಿತ್ರವೆಂದರೆ ತೆರಿಗೆಯ ದರ ಹೆಚ್ಚಿದ್ದದ್ದು ಬಡವರ ಜಿಲ್ಲೆಯಲ್ಲಿಯೇ; ಮನೆಗಳ ಬೆಲೆ ಕಡಿಮೆಯಿದ್ದುದರಿಂದ ಹೆಚ್ಚು ದರ ಹಾಕಿದರೂ ಕೂಡಿಬರುವ ಹಣ ಸಣ್ಣದಾಗುತ್ತಿತ್ತು. ಪೋಷಕರು ಹೂಡಿದ ದಾವೆ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1973ರಲ್ಲಿ ಐದು–ನಾಲ್ಕರ ಬಹುಮತದಲ್ಲಿ ಬಿದ್ದುಹೋಯಿತು.

ನಮ್ಮಲ್ಲಿ ಹಾಗಿಲ್ಲ. ಮನೆ ಕಂದಾಯದ ಮೇಲೆ ಗ್ರಂಥಾಲಯ ಕರದಂಥ ಸಣ್ಣ ಉಪಕರಗಳು ಬೀಳುತ್ತವೆಯಾದರೂ ಊರಿನ ಮೇಷ್ಟ್ರ ಸಂಬಳ ಆ ರಸೀದಿಯಿಂದ ಹುಟ್ಟುವುದಿಲ್ಲ. ಜಯನಗರದ ಸರ್ಕಾರಿ ಶಾಲೆಯ ಶಿಕ್ಷಕಿಗೂ ದೇವದುರ್ಗದ ಶಾಲೆಯ ಶಿಕ್ಷಕಿಗೂ ಸಂಬಳ ಬರುವುದು ರಾಜ್ಯದ ಒಂದೇ ಖಜಾನೆಯಿಂದ. ಆ ಖಜಾನೆಗೆ ಹಣ ಸೇರುವುದು ಜಿಎಸ್‌ಟಿಯಲ್ಲಿ ರಾಜ್ಯದ ಪಾಲು, ಅಬಕಾರಿ, ನೋಂದಣಿ ಮತ್ತು ಮುದ್ರಾಂಕ, ವಾಹನ ತೆರಿಗೆ ಮುಂತಾದ ರಾಜ್ಯದ ಸ್ವಂತ ಆದಾಯದಿಂದ ಮತ್ತು ಹಣಕಾಸು ಆಯೋಗ ಹೇಳಿದಂತೆ ಕೇಂದ್ರ ಹಂಚುವ ತೆರಿಗೆ ಪಾಲಿನಿಂದ. 2025–26ರಲ್ಲಿ ರಾಜ್ಯ ಬಜೆಟ್‌ನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಶಾಲಾ ಶಿಕ್ಷಣ, ಉನ್ನತ ಶಿಕ್ಷಣ ಎರಡೂ ಸೇರಿ ಶಿಕ್ಷಣಕ್ಕೆ ಮೀಸಲಾದದ್ದು 45,286 ಕೋಟಿ, ಅಂದರೆ ನೂರು ರೂಪಾಯಿಗೆ ಸುಮಾರು ಹನ್ನೊಂದು.

ಇದರ ಜೊತೆಗೆ ಸಮಗ್ರ ಶಿಕ್ಷಣ ಎಂಬ ಯೋಜನೆಯಿದೆ. ಹಿಂದಿನ ಸರ್ವ ಶಿಕ್ಷಣ ಅಭಿಯಾನ ಮತ್ತು ಮಾಧ್ಯಮಿಕ ಶಿಕ್ಷಣ ಅಭಿಯಾನಗಳನ್ನು ಸೇರಿಸಿ 2018–19ರಲ್ಲಿ ರೂಪಿಸಿದ ಈ ಯೋಜನೆಯಲ್ಲಿ ಕೇಂದ್ರ 60 ರೂಪಾಯಿ ಕೊಟ್ಟರೆ ರಾಜ್ಯ 40 ರೂಪಾಯಿ ಸೇರಿಸಬೇಕು. ಹತ್ತನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಸರ್ವ ಶಿಕ್ಷಣ ಅಭಿಯಾನಕ್ಕೆ ಕೇಂದ್ರ ಕೊಡುತ್ತಿದ್ದದ್ದು 75 ರೂಪಾಯಿ. ಮುಂದೆ ಅದು 65ಕ್ಕೆ ಇಳಿದು 2015–16ರಿಂದ 60ಕ್ಕೆ ನಿಂತಿದೆ. ಬಜೆಟ್ ಓದುವಾಗ ದೊಡ್ಡದಾಗಿ ಕಾಣುವ ಈ ಯೋಜನೆ ರಾಜ್ಯ ಕೊಡುವ ಸಂಬಳದ ಮೊತ್ತದ ಪಕ್ಕದಲ್ಲಿ ಸಣ್ಣದೇ. ಆದರೂ ಅದರ ಹಗ್ಗ ಗಟ್ಟಿಯಾಗಿದೆ: ಕೇಂದ್ರದ ಮಾದರಿ ಶಾಲೆ ಯೋಜನೆಯಾದ ಪಿಎಂ ಶ್ರೀಯ ಒಪ್ಪಂದಕ್ಕೆ ಸಹಿ ಹಾಕಲಿಲ್ಲವೆಂದು ತಮಿಳುನಾಡಿಗೆ 2024–25ರಲ್ಲಿ ಬರಬೇಕಿದ್ದ ಸುಮಾರು 2,152 ಕೋಟಿ ರೂಪಾಯಿ ತಡೆಹಿಡಿಯಲ್ಪಟ್ಟಿತು. ಆದಾಯ ತೆರಿಗೆಯ ಮೇಲೆ ಕಟ್ಟುವ ಶೇ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ ಬಗ್ಗೆ ಒಂದು ಮಾತು: ಸಂವಿಧಾನದ 270ನೇ ವಿಧಿಯ ಪ್ರಕಾರ ಸೆಸ್ ಹಣ ರಾಜ್ಯಗಳಿಗೆ ಹಂಚಬೇಕಾದ ತೆರಿಗೆಯ ರಾಶಿಗೆ ಸೇರುವುದಿಲ್ಲ. ಅದರಿಂದ ರಾಜ್ಯಗಳಿಗೆ ಏನಾದರೂ ಬರುವುದಿದ್ದರೆ ಇಂಥ ಕೇಂದ್ರ ಯೋಜನೆಗಳ ಮೂಲಕವೇ ಬರಬೇಕು.

ಹಣ ಬರುವುದು ಹುದ್ದೆಯ ರೂಪದಲ್ಲಿ

ಒಂದೇ ಖಜಾನೆ ಇದ್ದ ಮೇಲೆ ಪಾಲೂ ಸಮನಾಗಿರಬೇಕಲ್ಲ ಎನಿಸುತ್ತದೆ. ತೊಡಕು ಇರುವುದು ಹಣದ ರೂಪದಲ್ಲಿ. ಸರ್ಕಾರಿ ಶಾಲೆಗೆ ವರ್ಷಕ್ಕೆ ಇಷ್ಟು ಲಕ್ಷ ಎಂದು ಯಾರೂ ಚೆಕ್ ಬರೆದುಕೊಡುವುದಿಲ್ಲ. ಸರ್ಕಾರ ಮಂಜೂರು ಮಾಡುವುದು ಹುದ್ದೆಯನ್ನು. ಆ ಹುದ್ದೆಯಲ್ಲಿ ಒಬ್ಬರು ಬಂದು ಕುಳಿತ ದಿನದಿಂದ ಅವರ ಸಂಬಳದ ರೂಪದಲ್ಲಿ ಹಣ ಹರಿಯಲು ಶುರುವಾಗುತ್ತದೆ. ಅವರು ನಿವೃತ್ತರಾದರೆ ಅಥವಾ ವರ್ಗವಾಗಿ ಹೋದರೆ ಅದೇ ದಿನ ನಿಲ್ಲುತ್ತದೆ. ಹುದ್ದೆ ಕಾಗದದ ಮೇಲೆ ಉಳಿಯುತ್ತದೆ, ಹಣ ಉಳಿಯುವುದಿಲ್ಲ. ಖಾಲಿ ಹುದ್ದೆಯ ಸಂಬಳ ಆ ಶಾಲೆಯ ಖಾತೆಯಲ್ಲಿ ಜಮಾ ಆಗಿ ಮುಂದಿನ ವರ್ಷ ಬಳಕೆಗೆ ಸಿಗುವುದಿಲ್ಲ. ಅದು ಖಜಾನೆಯಿಂದ ಹೊರಗೇ ಬಂದಿರುವುದಿಲ್ಲ.

ಎಷ್ಟು ಹುದ್ದೆ ಎಂಬುದಕ್ಕೆ ಲೆಕ್ಕವಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 90ರವರೆಗೆ ಮೂವರು, 120ರವರೆಗೆ ನಾಲ್ವರು, ಅದರ ಮೇಲೆ 200ರವರೆಗೆ ಐವರು ಇರಬೇಕು. ಹತ್ತೇ ಮಕ್ಕಳಿದ್ದರೂ ಇಬ್ಬರು ಎಂಬುದು ಕಾಯ್ದೆ ಕೊಟ್ಟ ಭರವಸೆ. ಈ ಅನುಪಾತ ತಾಲ್ಲೂಕಿನ ಸರಾಸರಿಯಲ್ಲಿ ಇದ್ದರೆ ಸಾಲದು, ಪ್ರತಿಯೊಂದು ಶಾಲೆಯಲ್ಲಿಯೂ ಇರಬೇಕೆಂದು 25ನೇ ಸೆಕ್ಷನ್ ಹೇಳುತ್ತದೆ. ಮಂಜೂರಾದ ಹುದ್ದೆಗಳಲ್ಲಿ ಶೇ 10ಕ್ಕಿಂತ ಹೆಚ್ಚು ಖಾಲಿ ಇರಬಾರದೆಂದು 26ನೇ ಸೆಕ್ಷನ್ ಹೇಳುತ್ತದೆ. ಈ ಎರಡನೆಯ ಮಾತನ್ನು ನೆನಪಿನಲ್ಲಿಡೋಣ.

ಎರಡು ಶಾಲೆಗಳ ಲೆಕ್ಕ

ಊರಿನ ದಾರಿಯಲ್ಲಿ ಓಡುವ ಸಾರಿಗೆ ಬಸ್ಸನ್ನು ಯೋಚಿಸಿ. ಹತ್ತು ಜನ ಕುಳಿತರೂ ಐವತ್ತು ಜನ ಕುಳಿತರೂ ಡೀಸೆಲ್, ಚಾಲಕ, ನಿರ್ವಾಹಕರ ಖರ್ಚು ಒಂದೇ. ತಲಾ ಖರ್ಚು ಮಾತ್ರ ಐದು ಪಟ್ಟು ಬದಲಾಗುತ್ತದೆ. ಶಿಕ್ಷಕರ ಹುದ್ದೆಯೂ ಹೀಗೆಯೇ.

ಲೆಕ್ಕದ ಅನುಕೂಲಕ್ಕೆ ಒಬ್ಬ ಖಾಯಂ ಶಿಕ್ಷಕರ ಸಂಬಳ ತಿಂಗಳಿಗೆ 60,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮಲೆನಾಡಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ 18 ಮಕ್ಕಳು, ಇಬ್ಬರು ಶಿಕ್ಷಕರು. ವರ್ಷದ ಸಂಬಳ 14,40,000. ಒಂದು ಮಗುವಿಗೆ ಬೀಳುವುದು 80,000 ರೂಪಾಯಿ. ಈಗ ಬಯಲುಸೀಮೆಯ ಹಿಂದುಳಿದ ತಾಲ್ಲೂಕಿನ ಒಂದು ಶಾಲೆ: 150 ಮಕ್ಕಳು, ಕಾಯ್ದೆಯ ಪ್ರಕಾರ ಐದು ಹುದ್ದೆ, ಇರುವುದು ಇಬ್ಬರು ಖಾಯಂ ಶಿಕ್ಷಕರು ಮತ್ತು ತಿಂಗಳಿಗೆ 12,000 ರೂಪಾಯಿಯ ಗೌರವಧನದ ಮೇಲೆ ಹತ್ತು ತಿಂಗಳು ದುಡಿಯುವ ಇಬ್ಬರು ಅತಿಥಿ ಶಿಕ್ಷಕರು. ಒಟ್ಟು ಖರ್ಚು 16,80,000. ಒಂದು ಮಗುವಿಗೆ 11,200.

ಎಂಬತ್ತು ಸಾವಿರ ಒಂದು ಕಡೆ, ಹನ್ನೊಂದು ಸಾವಿರ ಇನ್ನೊಂದು ಕಡೆ. ಸುದ್ದಿಯಾಗುವುದು ಈ ಎರಡು ಅಂಕಿಗಳ ನಡುವಿನ ಅಂತರವೇ. ಆದರೆ ಇದು ಸರಿಯಾದ ಹೋಲಿಕೆಯಲ್ಲ. ಮೊದಲ ಶಾಲೆಯ ಮಗುವಿಗೆ ಎಂಬತ್ತು ಸಾವಿರದ ಶಿಕ್ಷಣವೇನೂ ಸಿಗುತ್ತಿಲ್ಲ. ಇಬ್ಬರು ಶಿಕ್ಷಕರು ಐದು ತರಗತಿಗಳನ್ನು ಹಂಚಿಕೊಂಡಿರುತ್ತಾರೆ. ಒಂದರಿಂದ ಮೂರರವರೆಗಿನ ಮಕ್ಕಳು ಚಟುವಟಿಕೆಗಳ ಮೂಲಕ ಕಲಿಸುವ ನಲಿ–ಕಲಿ ಪದ್ಧತಿಯಲ್ಲಿ ಒಂದೇ ಕೋಣೆಯಲ್ಲಿ ಕುಳಿತಿರುತ್ತಾರೆ. ಒಬ್ಬರು ತರಬೇತಿಗೋ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಸಭೆಗೋ ಹೋದ ದಿನ ಅದು ಏಕೋಪಾಧ್ಯಾಯ ಶಾಲೆ. ಆ ಎಂಬತ್ತು ಸಾವಿರ ಹೆಚ್ಚಾಗಿ ದೂರದ ಬೆಲೆ. ಕಾಡು, ಹಳ್ಳ, ಗುಡ್ಡ ದಾಟದೆ ಆರು ವರ್ಷದ ಮಗು ಶಾಲೆ ತಲುಪಲಿ ಎಂದು ರಾಜ್ಯ ಕೊಡುತ್ತಿರುವ ಬೆಲೆ.

ಸರಿಯಾದ ಹೋಲಿಕೆ ಬೇರೆ ಇದೆ. ಎರಡನೆಯ ಶಾಲೆಯ ಐದೂ ಹುದ್ದೆ ಭರ್ತಿಯಾಗಿದ್ದರೆ ಖರ್ಚು 36,00,000 ಆಗುತ್ತಿತ್ತು, ಒಂದು ಮಗುವಿಗೆ 24,000. ಜಿಲ್ಲಾ ಕೇಂದ್ರದ ಪಕ್ಕದಲ್ಲಿರುವ, ಅಷ್ಟೇ ಮಕ್ಕಳ, ಪೂರ್ಣ ಶಿಕ್ಷಕರಿರುವ ಶಾಲೆಯಲ್ಲಿ ಆಗುತ್ತಿರುವುದು ಇದೇ ಖರ್ಚು. ಒಂದೇ ಬಗೆಯ ಶಾಲೆ, ಒಂದೇ ಸಂಖ್ಯೆಯ ಮಕ್ಕಳು, ಒಂದೇ ನಿಯಮ. ಆದರೂ ಒಬ್ಬರಿಗೆ 24,000, ಇನ್ನೊಬ್ಬರಿಗೆ 11,200. ಆ ಊರಿನ ಮಕ್ಕಳ ಪಾಲಿನಿಂದ ವರ್ಷಕ್ಕೆ 19,20,000 ರೂಪಾಯಿ ಹೀಗೆ ಸದ್ದಿಲ್ಲದೆ ಹೋಗುತ್ತದೆ. ಯಾರೂ ಕದ್ದಿರುವುದಿಲ್ಲ, ಯಾವ ಲೆಕ್ಕಪರಿಶೋಧಕರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಖರ್ಚೇ ಆಗದ ಹಣಕ್ಕೆ ಓಚರ್ ಇರುವುದಿಲ್ಲ.

ಖಾಲಿ ಹುದ್ದೆಗಳು ಒಂದೇ ಕಡೆ ಸೇರುವುದೇಕೆ

ತುಂಗಭದ್ರಾ ಎಡದಂಡೆ ಕಾಲುವೆಯ ಮಾತು ಬಂದಾಗಲೆಲ್ಲ ಕೊನೆ ಭಾಗದ ರೈತರ ಮಾತೂ ಬರುತ್ತದೆ. ಅಣೆಕಟ್ಟಿನಿಂದ ಬಿಡುವಾಗ ನೀರು ಎಲ್ಲರಿಗೂ ಎಂದೇ ಬಿಡುತ್ತಾರೆ. ಮೇಲ್ಭಾಗದ ಗದ್ದೆಗಳನ್ನು ದಾಟಿ ಮಾನ್ವಿ, ಸಿರವಾರದ ಕಡೆಗೆ ಬರುವಷ್ಟರಲ್ಲಿ ಅದು ತೆಳುವಾಗಿರುತ್ತದೆ. ಶಿಕ್ಷಕರ ಹುದ್ದೆಯ ಹರಿವೂ ಹೆಚ್ಚುಕಡಿಮೆ ಹೀಗೆಯೇ ಆಗುತ್ತದೆ.

ಶಿಕ್ಷಕರೂ ಮನುಷ್ಯರೇ. ಸಂಗಾತಿಯ ಕೆಲಸ, ವಯಸ್ಸಾದ ತಂದೆ ತಾಯಿ, ಮಕ್ಕಳ ಓದು, ಆಸ್ಪತ್ರೆ, ಬಾಡಿಗೆ ಮನೆ ಇವೆಲ್ಲ ಪಟ್ಟಣದ ಕಡೆಗೆ ಎಳೆಯುತ್ತವೆ. ನೇಮಕವಾದಾಗ ದೂರದ ತಾಲ್ಲೂಕಿಗೆ ಹೋದವರು ಸೇವಾವಧಿ ತುಂಬಿದೊಡನೆ ಕೌನ್ಸೆಲಿಂಗ್‌ನಲ್ಲಿ ಊರ ಹತ್ತಿರದ ಜಾಗ ಕೇಳುತ್ತಾರೆ. 2020ರ ಶಿಕ್ಷಕರ ವರ್ಗಾವಣೆ ಕಾಯ್ದೆ ಶಾಲೆಗಳನ್ನು ಎ, ಬಿ, ಸಿ ಎಂದು ವಲಯಗಳಾಗಿ ವಿಂಗಡಿಸಿ ಎಲ್ಲರೂ ಸರದಿಯಲ್ಲಿ ಹಳ್ಳಿಯ ಸೇವೆ ಮಾಡಲಿ ಎಂದು ಬಯಸುತ್ತದೆ. ಖಾಲಿ ಹುದ್ದೆಯ ಪ್ರಮಾಣ ಮಿತಿ ದಾಟಿದ ತಾಲ್ಲೂಕುಗಳಿಂದ ಹೊರಹೋಗುವುದಕ್ಕೆ ತಡೆಯೂ ಇದೆ. ಇದರಿಂದ ಅಲ್ಲಿ ಹತ್ತಾರು ವರ್ಷ ದುಡಿದ ಶಿಕ್ಷಕರು ನಾವು ಮಾಡಿದ ತಪ್ಪೇನು ಎಂದು ಕೇಳುವಂತಾಗಿದೆ. ತಡೆ ಹಾಕಿದರೆ ಇದ್ದವರಿಗೆ ಅನ್ಯಾಯ, ತೆಗೆದರೆ ಮಕ್ಕಳಿಗೆ ಅನ್ಯಾಯ. ಹೊಸ ನೇಮಕಾತಿಯಿಂದ ಮಾತ್ರ ಬಿಡಿಸಬಹುದಾದ ಗಂಟು ಇದು. ಆದರೆ ನೇಮಕಾತಿಗೆ ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು, ಪರೀಕ್ಷೆ ನಡೆಯಬೇಕು, ಮೀಸಲಾತಿ ಪಟ್ಟಿಯ ಮೇಲಿನ ತಕರಾರುಗಳು ನ್ಯಾಯಾಲಯದಲ್ಲಿ ತೀರಬೇಕು. ಅಷ್ಟರಲ್ಲಿ ಇನ್ನೊಂದು ಸಾಲು ಶಿಕ್ಷಕರು ನಿವೃತ್ತರಾಗಿರುತ್ತಾರೆ.

ಈ ಅಸಮತೋಲನ ಹೊಸದಲ್ಲ. ಪ್ರಾದೇಶಿಕ ಅಸಮಾನತೆ ಅಳೆಯಲು ರಚಿಸಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದಿತ್ತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಈ 39ರಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವು. ಮುಂದೆ ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ವಿಧಿ ಬಂದು, ಆ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ಸ್ಥಳೀಯರಿಗೆ ಉದ್ಯೋಗ ಮೀಸಲಾತಿಯೂ ಸಿಕ್ಕಿತು. ಮಂಡಳಿಯ ಹಣದಿಂದ ಕೊಠಡಿ ಏಳುತ್ತದೆ, ಬೆಂಚು ಬರುತ್ತದೆ. ಕಟ್ಟಡಕ್ಕೆ ಒಂದು ಸಲ ಕೊಟ್ಟರೆ ಮುಗಿಯಿತು. ಶಿಕ್ಷಕರ ಹುದ್ದೆಗಾದರೆ ಮೂವತ್ತು ವರ್ಷ ಸಂಬಳ, ಆಮೇಲೆ ನಿವೃತ್ತಿ ವೇತನ. ಸರ್ಕಾರಗಳು ಕಟ್ಟಡಕ್ಕೆ ಕೈಬಿಚ್ಚಿ, ಹುದ್ದೆಗೆ ಕೈ ಬಿಗಿಹಿಡಿಯಲು ಇದೇ ಕಾರಣ.

ಶಿಕ್ಷಕರು ಇದ್ದೂ ಇಲ್ಲದ ದಿನಗಳದ್ದು ಬೇರೆ ಲೆಕ್ಕ. 2025ರ ದಸರಾ ಹೊತ್ತಿನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಹಚ್ಚಿದ್ದರಿಂದ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಆ ದಿನಗಳ ಸಂಬಳವೂ ಬಜೆಟ್ ಪುಸ್ತಕದಲ್ಲಿ ಶಿಕ್ಷಣದ ಖರ್ಚೇ.

ಮುಖ್ಯಶಿಕ್ಷಕರ ಕೈಗೆ ಸಿಗುವ ಹಣ

ಹುದ್ದೆಯ ಆಚೆಗೆ ಶಾಲೆಯೇ ಖರ್ಚು ಮಾಡಬಹುದಾದ ಹಣವೊಂದಿದೆ. ಸಮಗ್ರ ಶಿಕ್ಷಣದಡಿ ವರ್ಷಕ್ಕೊಮ್ಮೆ ಬರುವ ಇದನ್ನು ಶಾಲಾ ಅನುದಾನ ಎನ್ನುತ್ತಾರೆ. ಮಾರ್ಗಸೂಚಿಯ ಪ್ರಕಾರ 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲಿದ್ದರೆ ಒಂದು ಲಕ್ಷ. ಇದರಲ್ಲಿ ಹತ್ತನೇ ಒಂದು ಭಾಗವಾದರೂ ಸ್ವಚ್ಛತೆಗೆ ಹೋಗಬೇಕು. ಮುಖ್ಯಶಿಕ್ಷಕರು ಮತ್ತು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಸೇರಿ ಇದನ್ನು ಖರ್ಚು ಮಾಡುತ್ತಾರೆ. ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಹುಟ್ಟಿದ ಈ ಸಮಿತಿಯಲ್ಲಿ ಇರುವವರು ಮುಖ್ಯವಾಗಿ ಮಕ್ಕಳ ಪೋಷಕರು.

ನಮ್ಮ ಹದಿನೆಂಟು ಮಕ್ಕಳ ಶಾಲೆಗೆ ಹತ್ತು ಸಾವಿರ ಎಂದರೆ ತಿಂಗಳಿಗೆ ಎಂಟುನೂರು ಚಿಲ್ಲರೆ. ಇಂಥ ಶಾಲೆಯ ನಗದು ಪುಸ್ತಕ ತೆರೆದರೆ ಸಾಲುಗಳು ಚಿರಪರಿಚಿತ: ಸೀಮೆಸುಣ್ಣ ಎರಡು ಡಬ್ಬಿ, ಹಾಜರಿ ಪುಸ್ತಕ, ಪೊರಕೆ, ಫಿನಾಯಿಲ್, ನಲ್ಲಿಯ ತಿರುಪು, ಶೌಚಾಲಯದ ಬಾಗಿಲಿನ ಚಿಲಕ, ಒಡೆದ ಹೆಂಚಿಗೆ ಬದಲಿ ಹೆಂಚು ಮತ್ತು ಆಳಿನ ಕೂಲಿ, ಮಾಹಿತಿ ಅಪ್‌ಲೋಡ್ ಮಾಡಿಸಲು ಸೈಬರ್ ಅಂಗಡಿಗೆ ಕೊಟ್ಟದ್ದು, ಆಗಸ್ಟ್ ಹದಿನೈದರ ಸಿಹಿ. ಬಹಳ ಸಲ ಹಣ ಬರುವುದು ಶಾಲೆ ಶುರುವಾದ ಜೂನ್‌ನಲ್ಲಲ್ಲ, ವರ್ಷ ಅರ್ಧ ಕಳೆದ ಮೇಲೆ ಕಂತಿನಲ್ಲಿ. ಮಳೆಗಾಲದಲ್ಲಿ ಸೋರಿದ ಸೂರಿಗೆ ಮುಖ್ಯಶಿಕ್ಷಕರು ಕೈಯಿಂದ ಹಾಕಿ, ಅನುದಾನ ಬಂದ ಮೇಲೆ ಹಿಂದೆ ಪಡೆಯುವುದು ಎಷ್ಟೋ ಕಡೆ ರೂಢಿಯಾಗಿದೆ. ಬಂದ ಹಣ ಮಾರ್ಚ್ ಮುಗಿಯುವುದರೊಳಗೆ ಖರ್ಚಾಗದಿದ್ದರೆ ವಾಪಸು.

ವಿದ್ಯುತ್ ಬಿಲ್ಲು ಕೂಡ ಬಹುಕಾಲ ಇದೇ ಸಣ್ಣ ಹಣದಿಂದ ಹೋಗುತ್ತಿತ್ತು, ಕಟ್ಟಲಾಗದೆ ಸಂಪರ್ಕ ಕಡಿತಗೊಂಡ ಶಾಲೆಗಳಿದ್ದವು. 2023ರ ನವೆಂಬರ್ 1ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರು ಘೋಷಣೆಯಾದದ್ದು ಈ ಕಾರಣಕ್ಕೆ. ಅದಕ್ಕೆ ಒಂದು ವರ್ಷ ಮೊದಲು, 2022ರ ಅಕ್ಟೋಬರ್‌ನಲ್ಲಿ, ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ ಅನುಮತಿ ನೀಡುವ ಸುತ್ತೋಲೆ ಹೊರಟು, ವಿರೋಧ ಬಂದೊಡನೆ ಹಿಂದಕ್ಕೆ ಹೋಗಿತ್ತು. ಮೊತ್ತ ಸಣ್ಣದೇ. ಆದರೆ ನೂರು ರೂಪಾಯಿ ಕೊಡಬಲ್ಲ ಊರಿನ ಶಾಲೆಗೆ ಒಂದಿಷ್ಟು ಹೆಚ್ಚು, ಗುಳೆ ಹೋಗುವವರ ಊರಿನ ಶಾಲೆಗೆ ಏನೂ ಇಲ್ಲ ಎಂಬ ವ್ಯವಸ್ಥೆಗೆ ಅದು ಬಾಗಿಲು ತೆರೆಯುತ್ತಿತ್ತು. ಸ್ಯಾನ್ ಆಂಟೋನಿಯೊದ ಕಥೆಯ ಸಣ್ಣ ರೂಪವದು.

ದಾನಿಗಳ ಹಣ ಹೋಗುವ ದಿಕ್ಕು

ಆ ಬಾಗಿಲು ಇನ್ನೊಂದು ಕಡೆಯಿಂದ ಈಗಾಗಲೇ ತೆರೆದಿದೆ. ಹಳೆಯ ವಿದ್ಯಾರ್ಥಿಗಳು ಕೈಜೋಡಿಸಲಿ ಎಂದು ಸರ್ಕಾರವೇ ‘ನಮ್ಮ ಶಾಲೆ ನಮ್ಮ ಜವಾಬ್ದಾರಿ’ಯಂಥ ಕಾರ್ಯಕ್ರಮ ರೂಪಿಸಿದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು, ಕೊಡುವಾಗ ತಮ್ಮ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ನೀಡಬೇಕು. ಹೀಗಾಗಿ ಕಾರ್ಖಾನೆ, ಕಚೇರಿಗಳಿರುವ ಆಸುಪಾಸಿನ ಶಾಲೆಗೆ ಸ್ಮಾರ್ಟ್ ಬೋರ್ಡ್, ಹೊಸ ಶೌಚಾಲಯ, ಬಣ್ಣದ ಗೋಡೆ ಬರುತ್ತವೆ. ಬೆಂಗಳೂರಿನಲ್ಲಿ, ದುಬೈಯಲ್ಲಿ ನೆಲೆಯೂರಿದ ಮಕ್ಕಳಿರುವ ಕರಾವಳಿಯ ಊರಿನ ಶಾಲೆಗೆ ಶತಮಾನೋತ್ಸವದ ನೆಪದಲ್ಲಿ ಸಭಾಂಗಣವೇ ಏಳುತ್ತದೆ. ಇವರೆಲ್ಲರ ಔದಾರ್ಯ ನಿಜವಾದದ್ದು. ಮೊದಲ ತಲೆಮಾರಿನ ಮಕ್ಕಳು ಈಗಷ್ಟೇ ಅಕ್ಷರ ಕಲಿಯುತ್ತಿರುವ ತಾಂಡಾದ ಶಾಲೆಗೆ ಮಾತ್ರ ಹಾಗೆ ಕೊಡಬಲ್ಲ ಹಳೆಯ ವಿದ್ಯಾರ್ಥಿಗಳು ಇನ್ನೂ ಹುಟ್ಟಿಕೊಂಡಿಲ್ಲ.

ಖಾಸಗಿ ಶಾಲೆಯ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ, ಸೀಟು ಕೂಡ ಸರ್ಕಾರದ ಹಣವೇ. ಕಾಯ್ದೆಯ 12(1)(ಸಿ) ಸೆಕ್ಷನ್ ಅನುದಾನರಹಿತ ಶಾಲೆಗಳು ಶೇ 25ರಷ್ಟು ಸೀಟುಗಳನ್ನು ಬಡ ಮತ್ತು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕೆನ್ನುತ್ತದೆ. ಶುಲ್ಕವನ್ನು ಒಂದನೇ ತರಗತಿಗೆ ವರ್ಷಕ್ಕೆ 16,000 ರೂಪಾಯಿಯ ಮಿತಿಯಲ್ಲಿ ಸರ್ಕಾರ ತುಂಬಿಕೊಡುತ್ತದೆ. 2019ರಿಂದ ಕರ್ನಾಟಕದಲ್ಲಿ ನಿಯಮ ಬದಲಾಗಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಈ ಕಡ್ಡಾಯವಿಲ್ಲ. ಹೀಗಾಗಿ ಹೊಸದಾಗಿ ಈ ದಾರಿಯಲ್ಲಿ ಹೋಗುವ ಮಕ್ಕಳ ಸಂಖ್ಯೆ ತೀರ ಕುಸಿದಿದೆ.

ತಟ್ಟೆಯ ಲೆಕ್ಕ

ಇಷ್ಟೆಲ್ಲ ಅಸಮಾನತೆಯ ನಡುವೆ ಮಗುವಿನ ತಲೆ ಎಣಿಸಿಯೇ ಬರುವ ಹಣವೊಂದಿದೆ: ಬಿಸಿಯೂಟ. ಸುಪ್ರೀಂ ಕೋರ್ಟ್‌ನ 2001ರ ಆದೇಶದ ನಂತರ, 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಮೊದಲು ಶುರುವಾಗಿ ಮರುವರ್ಷ ಉಳಿದೆಡೆ ಹಬ್ಬಿದ ಅಕ್ಷರ ದಾಸೋಹದಲ್ಲಿ ಅಡುಗೆ ಸಾಮಗ್ರಿಗೆಂದು ಒಂದು ಮಗುವಿಗೆ ಒಂದು ದಿನಕ್ಕೆ ಇಷ್ಟು ಎಂದು ದರ ನಿಗದಿಯಾಗಿರುತ್ತದೆ. 2025ರ ಮೇ ತಿಂಗಳಿಂದ ಅದು ಕೇಂದ್ರದ ಲೆಕ್ಕದಲ್ಲಿ ಐದನೇ ತರಗತಿಯವರೆಗೆ 6 ರೂಪಾಯಿ 78 ಪೈಸೆ, ಆರರಿಂದ ಎಂಟರವರೆಗೆ 10 ರೂಪಾಯಿ 17 ಪೈಸೆ. ಏಳು ರೂಪಾಯಿಯೂ ಇಲ್ಲದ ಈ ಹಣದಲ್ಲಿ ಬೇಳೆ, ತರಕಾರಿ, ಎಣ್ಣೆ, ಗ್ಯಾಸ್ ಎಲ್ಲ ಆಗಬೇಕು ಎಂಬುದು ಬೇರೆ ಮಾತು. ಅಕ್ಕಿ ಪ್ರತ್ಯೇಕವಾಗಿ ಬರುತ್ತದೆ. ಗಮನಿಸಬೇಕಾದದ್ದು ಲೆಕ್ಕದ ಬಗೆಯನ್ನು. ದೇವದುರ್ಗದ ಮಗುವಿಗೂ ಜಯನಗರದ ಮಗುವಿಗೂ ಪೈಸೆ ವ್ಯತ್ಯಾಸವಿಲ್ಲ, ಮಗು ಶಾಲೆ ಬದಲಿಸಿದರೆ ತಟ್ಟೆಯ ಹಣವೂ ಅದರ ಹಿಂದೆಯೇ ಹೋಗುತ್ತದೆ. ಹಾಲು, ಮೊಟ್ಟೆ, ಪಠ್ಯಪುಸ್ತಕ, ಸಮವಸ್ತ್ರಗಳಲ್ಲಿಯೂ ಹೀಗೆಯೇ. ಮಗುವನ್ನು ಹಿಂಬಾಲಿಸದೆ ತನ್ನದೇ ದಾರಿ ಹಿಡಿಯುವುದು ಎಲ್ಲಕ್ಕಿಂತ ದೊಡ್ಡ ಮೊತ್ತವಾದ ಶಿಕ್ಷಕರ ಸಂಬಳ.

ವಿಲೀನದಿಂದ ಹಣ ಎತ್ತ ಸಾಗುತ್ತದೆ

ಈಗ ಮೊದಲಿನ ಎರಡು ದೂರುಗಳಿಗೆ ಮರಳಬಹುದು. 2025–26ರ ಬಜೆಟ್‌ನಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್‌ನ ನೆರವಿನಿಂದ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆಗಳ ಘೋಷಣೆಯಾಗಿದೆ. ಸುತ್ತಲಿನ ಸಣ್ಣ ಶಾಲೆಗಳ ಮಕ್ಕಳನ್ನು ಅಲ್ಲಿಗೆ ಕರೆತಂದರೆ ತರಗತಿಗೊಬ್ಬ ಶಿಕ್ಷಕರು, ಪ್ರಯೋಗಾಲಯ, ಆಟದ ಮೈದಾನ ಸಿಗುತ್ತವೆ ಎಂಬುದು ಪರವಾದ ವಾದ. ಮೇಲಿನ ಲೆಕ್ಕದಲ್ಲಿ ಇಟ್ಟು ನೋಡಿದರೆ ಹದಿನೆಂಟು ಮಕ್ಕಳು ಸ್ಥಳಾಂತರವಾದೊಡನೆ ಎರಡು ಹುದ್ದೆಗಳು ಬಿಡುಗಡೆಯಾಗುತ್ತವೆ, ವರ್ಷಕ್ಕೆ 14,40,000 ರೂಪಾಯಿ. ಈ ಎರಡು ಹುದ್ದೆಗಳು ನೂರೈವತ್ತು ಮಕ್ಕಳ ಆ ಇನ್ನೊಂದು ಶಾಲೆಗೆ ಹೋಗುತ್ತವೆಯೇ? ತಾನಾಗಿಯೇ ಹೋಗುವುದಿಲ್ಲ. ‘ಹೆಚ್ಚುವರಿ’ ಎಂದು ಗುರುತಿಸಿದ ಶಿಕ್ಷಕರಿಗೆ ಸಾಮಾನ್ಯವಾಗಿ ಮೊದಲು ಅದೇ ತಾಲ್ಲೂಕಿನಲ್ಲಿ, ಆಮೇಲೆ ಅದೇ ಜಿಲ್ಲೆಯಲ್ಲಿ ಜಾಗ ಹುಡುಕುತ್ತಾರೆ. ಸಣ್ಣ ಶಾಲೆಗಳು ಹೆಚ್ಚಿರುವ ಮಲೆನಾಡಿನ ಜಿಲ್ಲೆಯೂ ಶಿಕ್ಷಕರಿಲ್ಲದ ಕಲ್ಯಾಣ ಕರ್ನಾಟಕದ ಜಿಲ್ಲೆಯೂ ಬೇರೆ ಬೇರೆ ವಿಭಾಗಗಳಲ್ಲಿವೆ. ಉಳಿದ ಹಣ ಖಜಾನೆಯಲ್ಲಿ ಉಳಿತಾಯವಾಗಿ ಕರಗಿಹೋದರೂ ವಿಲೀನ ಯಶಸ್ವಿ ಎಂದೇ ಬರೆಯಬಹುದು.

ಖರ್ಚಿನ ಇನ್ನೊಂದು ತುದಿ ಮನೆಯಲ್ಲಿದೆ. ಊರಿನ ಶಾಲೆ ಇದ್ದಾಗ ದೂರದ ಬೆಲೆಯನ್ನು ಸರ್ಕಾರ ಕೊಡುತ್ತಿತ್ತು. ಶಾಲೆ ನಾಲ್ಕು ಕಿಲೋಮೀಟರ್ ಆಚೆಗೆ ಹೋದರೆ, ವಾಹನದ ವ್ಯವಸ್ಥೆ ಇಲ್ಲದ ದಿನ, ಅದನ್ನು ಕೊಡುವವರು ಮಗುವನ್ನು ಕರೆದೊಯ್ಯಲು ಅರ್ಧ ದಿನದ ಕೂಲಿ ಬಿಡುವ ತಾಯಿ. ಸರ್ಕಾರಿ ವಾಹನ ಬರುತ್ತದೆಯೇ, ಎಷ್ಟು ವರ್ಷದವರೆಗೆ ಬರುತ್ತದೆ, ಅದರ ಹಣ ಯಾವ ಲೆಕ್ಕಶೀರ್ಷಿಕೆಯಲ್ಲಿದೆ ಎಂಬುದು ಹೀಗಾಗಿ ವಿಲೀನದ ಆದೇಶದಲ್ಲಿ ಮೊದಲು ಹುಡುಕಬೇಕಾದ ಸಾಲು.

ತಮ್ಮೂರಿನ ಶಾಲೆಯ ಸ್ಥಿತಿ ತಿಳಿಯಬಯಸುವವರಿಗೆ ದಾರಿ ಕಷ್ಟದ್ದಲ್ಲ. ಪ್ರತಿ ಶಾಲೆಗೂ ದೇಶದ ಶಾಲಾ ಮಾಹಿತಿ ವ್ಯವಸ್ಥೆಯಾದ ಯು–ಡೈಸ್‌ನ ಹನ್ನೊಂದು ಅಂಕಿಗಳ ಸಂಖ್ಯೆಯಿದೆ, ಕರ್ನಾಟಕದ ಶಾಲೆಗಳದ್ದು 29ರಿಂದ ಶುರುವಾಗುತ್ತದೆ. ಶಾಲೆಯ ಗೋಡೆಯ ಮೇಲೆಯೇ ಬರೆದಿರುತ್ತಾರೆ. ಯು–ಡೈಸ್ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಮಕ್ಕಳೆಷ್ಟು, ಶಿಕ್ಷಕರೆಷ್ಟು, ಅನುದಾನ ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂಬ ವಿವರ ಸಿಗುತ್ತದೆ. ಮಂಜೂರಾದ ಹುದ್ದೆ ಎಷ್ಟು ಎಂಬುದನ್ನು ಎಸ್‌ಡಿಎಂಸಿ ಸಭೆಯಲ್ಲಿ ಮುಖ್ಯಶಿಕ್ಷಕರನ್ನೇ ಕೇಳಬಹುದು. ಆ ಸಂಖ್ಯೆಯಿಂದ ಇರುವ ಶಿಕ್ಷಕರ ಸಂಖ್ಯೆಯನ್ನು ಕಳೆದು, ಉಳಿದದ್ದನ್ನು ಒಂದು ವರ್ಷದ ಸಂಬಳದಿಂದ ಗುಣಿಸಿದರೆ ಊರಿನ ಮಕ್ಕಳಿಗೆ ಈ ವರ್ಷ ಬಾರದೆ ಹೋದ ಮೊತ್ತ ಸಿಗುತ್ತದೆ.